ಅಕ್ರೋಟ್ ಮರದ ಹನ್ನೆರಡು ಖಾನೆಗಳು

ತ್ರಿಯೆಸ್ತೆ
ಫೆಬ್ರವರಿ 19, ಬುಧವಾರ

ಪ್ರೀತಿಯ ಫುಲ್ವಿಯಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಚಳಿಗಾಲ ಕಳೆದುಬಿಟ್ಟೆ. ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ. ಅಂಗಡಿಯಲ್ಲಿ ಈಗ ಕೆಲಸ ಕಡಿಮೆ. ಕ್ಷಮಿಸು. ನಾಲ್ಕು ದಿನದಿಂದ ಬೋರಾ ಗಾಳಿ ಬೀಸುತ್ತಿದೆ, ನಮ್ಮ ಫಲಕ ಒಂದೇ ಕೊಕ್ಕೆಯಲ್ಲಿ ನೇತಾಡುತ್ತಿದೆ. ಅಮ್ಮ ಚೆನ್ನಾಗಿದ್ದಾಳೆ. ಗೊರಿಜಿಯಾದ ಆ ಹಳೆಯ ಬಡಗಿ ಶೆಡ್ಡಿನಲ್ಲಿ ನಿನಗೆ ಬೆಚ್ಚಗಿದೆಯೋ ಇಲ್ಲವೋ ಎಂದು ದಿನವೂ ಕೇಳುತ್ತಾಳೆ. ಕಾಫಿ ಹುರಿಯುವ ಯಂತ್ರದ ಪಕ್ಕ ನಿಂತವಳಿಗೆ ಎಂಥ ಚಳಿ ಎಂದೆ.

ಸುದ್ದಿ ಇದು: ಮಾರ್ಚ್ ಒಂದರಿಂದ ಓಂದಿನಾಳ ಹೋಟೆಲಿನಲ್ಲಿ ನಿನ್ನ ಕಾಫಿ. ಇಪ್ಪತ್ತಾರು ವರ್ಷ ನನ್ನ ಮಿಶ್ರಣ ಬಿಟ್ಟು ಬೇರೇನೂ ಇಳಿಯದ ಯಂತ್ರದಲ್ಲಿ. ಫೋನ್ ಮಾಡಿ ತಿಳಿಸು ಎಂದು ಅವಳಿಗೇ ಹೇಳಿದೆ. "ನಾನ್ಯಾಕೆ ಮಾಡ್ಲಿ? ನೀನೇ ಬರಿ. ಮೂರು ವರ್ಷದಿಂದ ಮಗಳಿಗೆ ಒಂದು ಸಾಲು ಗೀಚಿಲ್ಲ," ಎಂದಳು.

ಶುರುವಾದದ್ದು ಶರತ್ಕಾಲದಲ್ಲಿ. "ತುಲ್ಲಿಯೊ, ಜನ ಬಟ್ಟಲಲ್ಲಿ ಕಾಫಿ ಬಿಟ್ಟು ಹೋಗ್ತಿದ್ದಾರೆ. ಮೊದಲು ಬಿಡ್ತಿರಲಿಲ್ಲ," ಎಂದಳು ಓಂದಿನಾ. ನಾನು ಅವಳ ಯಂತ್ರವನ್ನು ಬೈದೆ, ನಲ್ಲಿಯ ನೀರನ್ನು ಬೈದೆ, ಕೊನೆಗೆ ಗಿರಾಕಿಗಳನ್ನೂ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, "ಸರಿ, ಯಾರದ್ದು ಅಂತ ಗೊತ್ತಿಲ್ಲದೆ ಕುಡಿದು ನೋಡೋಣ. ನಿನ್ನದೂ ಸೇರಿ ನಾಲ್ಕು ಕಡೆಯಿಂದ ತರಿಸ್ತೀನಿ. ಗೆದ್ದದ್ದು ನನ್ನ ಯಂತ್ರಕ್ಕೆ," ಎಂದಳು. ನಿನ್ನಿಂದ ಒಂದು ಕಿಲೋ ತರಿಸಿದ್ದು ಇದಕ್ಕೆ. ನಾನು ಒಪ್ಪಿದೆ. ಸೋಲುವ ಯೋಚನೆಯೇ ಇಲ್ಲದವನು ಬೇಗ ಒಪ್ಪುತ್ತಾನೆ.

ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತೆವು: ಓಂದಿನಾ, ನಾನು, ಮತ್ತೆ ಬೊಗ್ದಾನ್. ಬಂದರಿನಲ್ಲಿ ನಲವತ್ತು ವರ್ಷ ಮೂಟೆ ಚುಚ್ಚಿ ಕಾಫಿ ಮಾದರಿ ತೆಗೆದ ಬೊಗ್ದಾನ್ ನಿನಗೆ ಗೊತ್ತಲ್ಲ, ಈಗ ನಿವೃತ್ತ. ನಾಲ್ಕು ಬಟ್ಟಲು, ಹೆಸರಿನ ಚೀಟಿ ತಳದಲ್ಲಿ.

ಮೊದಲನೆಯದನ್ನು ಬಾಯಿಗಿಟ್ಟವನೇ ಉಗಿದೆ.

"ಹಳೇ ಕಪಾಟು ನೆಕ್ಕಿದ ಹಾಗಿದೆ. ಇದನ್ನ ಮಾಡಿದವನಿಗೆ ನಾಲಿಗೆ ಇಲ್ಲ."

"ಮೆಲ್ಲಗೆ ಮಾರಾಯ, ಪಾಪದವನು ಕೇಳಿಸ್ಕೊಂಡಾನು!" ಎಂದು ಬೊಗ್ದಾನ್ ಕೆಮ್ಮು ಬರುವಷ್ಟು ನಕ್ಕ. ಓಂದಿನಾ ನಗಲಿಲ್ಲ. ಎದ್ದು ಆ ಬಟ್ಟಲನ್ನು ಒಯ್ದು ನಲ್ಲಿಯ ಕೆಳಗೆ ಹಿಡಿದಳು.

ಎರಡನೆಯದು ಸುಟ್ಟಿತ್ತು. ನಾಲ್ಕನೆಯದು ಬರೀ ಹುಳಿ, ಹುರಿಯಲು ಹೆದರಿದವರ ಕೈ. ಆದರೆ ಮೂರನೆಯದು! ಮೊದಲು ಬಾದಾಮಿ ಸಿಪ್ಪೆ, ಹಿಂದೆಯೇ ಒಂದು ಸಣ್ಣ ಸಿಹಿ, ಕೊನೆಯಲ್ಲಿ ಮಂಗಳೂರಿನಿಂದ ಹಡಗು ಹತ್ತುವ, ಮಳೆಗಾಳಿ ಉಂಡು ಉಬ್ಬಿದ ಬೀಜದ ಆ ಭಾರ. ಬಟ್ಟಲು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. "ಇದೇ. ಬೇರೆ ಮಾತಿಲ್ಲ," ಎಂದೆ. ಬೊಗ್ದಾನನೂ ಅದನ್ನೇ ಮುಂದಕ್ಕೆ ಸರಿಸಿದ. ಓಂದಿನಾ ಬಟ್ಟಲು ಮಗುಚಿದಳು. ನಿನ್ನ ಹೆಸರು.

ಯಾರು ಬಂದರೂ ಕೂತ ಕಡೆಯಿಂದ ಏಳದ ಬೊಗ್ದಾನ್ ಎದ್ದು ಟೋಪಿ ತೆಗೆದ. "ಇಷ್ಟು ದಿನ ಅವಳನ್ನ ತುಲ್ಲಿಯೊನ ಮಗಳು ಅಂತಿದ್ದೆ. ಇನ್ಮೇಲೆ ನೀನೇ ಫುಲ್ವಿಯಾಳ ಅಪ್ಪ ಕಣೋ," ಎಂದ. ಮರುದಿನ ಮೀನು ಮಾರುಕಟ್ಟೆಯಲ್ಲಿ, ಕೇಳದಿದ್ದರೂ, ಮೂವರಿಗೆ ಈ ಮಾತು ಹೇಳಿದೆ. ಮೂರನೆಯವಳು ಮೀನು ತೂಗುವುದನ್ನು ನಿಲ್ಲಿಸಲಿಲ್ಲ. ಆದರೂ ಪೂರ್ತಿ ಹೇಳಿದೆ.

ಅಳತೆ ನನ್ನದೇ ಇಟ್ಟಿದ್ದೀಯ: ಐದು ಪಾಲು ಬ್ರೆಜಿಲ್, ಮೂರು ಇಥಿಯೋಪಿಯಾ, ಎರಡು ಮಲಬಾರ್. ಹುರಿಯುವುದನ್ನು ಮಾತ್ರ ಸ್ವಲ್ಪ ಬೇಗ ನಿಲ್ಲಿಸಿದ್ದೀಯ. ಪೊಟ್ಟಣವನ್ನು ಓಂದಿನಾಳಿಂದ ಕೇಳಿ ತಂದಿದ್ದೇನೆ. "ಹುರಿದದ್ದು 4ನೇ ತಾರೀಕು. 12ರ ಮೊದಲು ತೆರೆಯಬೇಡಿ. ಫ್ರಿಜ್ಜಿನಲ್ಲಿ ಇಡಬೇಡಿ." ಆಜ್ಞೆ ಮಾಡುವ ಆ ಅಕ್ಷರ ನಮ್ಮ ಮನೆಯದು. ನೀನು ಹೋದ ದಿನದ ಮಾತನ್ನು ಇಲ್ಲಿ ಎತ್ತುವುದು ಬೇಡವೆಂದುಕೊಂಡಿದ್ದೇನೆ.

ನಿನ್ನ ಕೈ ಹೀಗೇ ನಡೆಯಲಿ, ಮಗಳೇ. ಬೆಂಕಿ ನಿನ್ನ ಮಾತು ಕೇಳಲಿ.

ನಿನ್ನ ಅಪ್ಪ,
ತುಲ್ಲಿಯೊ

ಮರೆತದ್ದು: ಓಂದಿನಾ ಮೂರು ಬಟ್ಟಲುಗಳ ತಳವನ್ನಷ್ಟೇ ತೋರಿಸಿದಳು. ಮೊದಲನೆಯದನ್ನು ಚೀಟಿ ಸಮೇತ ತೊಳೆದುಬಿಟ್ಟಿದ್ದಳು. ಉಳಿದ ಮೂರರಲ್ಲಿ ನನ್ನ ಹೆಸರಿರಲಿಲ್ಲ. ನಿನ್ನದನ್ನು ನಾನು ಆರಿಸಿದ್ದು ಅದು ನನ್ನದೆಂದು ನಂಬಿ. ಮೂರು ವರ್ಷದ ಹಿಂದೆ ನೀನು, "ಅಪ್ಪಾ, ಹುರಿದ ಬೀಜದ ಎಣ್ಣೆ ಕುಡಿದೂ ಕುಡಿದೂ ಅಜ್ಜನ ಅಕ್ರೋಟ್ ಖಾನೆಗಳು ಕಮಟಾಗಿವೆ, ಕಾಫೀನ ಡಬ್ಬಿಯಲ್ಲಿಡು," ಎಂದಾಗ, ಗಿರಾಕಿಗಳೆಲ್ಲರ ಎದುರು ನಾನು, "ನಾಲಿಗೆ ಇಲ್ಲದವಳು ನನಗೆ ಹೇಳ್ಕೊಡೋಕೆ ಬಂದಳು," ಎಂದಿದ್ದೆ. ನಿನ್ನೆ ಹನ್ನೆರಡು ಖಾನೆಗಳನ್ನೂ ಎಳೆದು ಖಾಲಿ ಮಾಡಿದೆ. ಒಂದೊಂದನ್ನೂ ಮೂಸಿದೆ. ನನಗೆ ಈಗಲೂ ಕಮಟು ತಿಳಿಯುತ್ತಿಲ್ಲ, ನನ್ನ ಅಪ್ಪನ ವಾಸನೆಯಷ್ಟೇ ಬರುತ್ತದೆ. ಬಿಸಾಡುವ ಮೊದಲು ನೀನೊಮ್ಮೆ ಬಂದು ಮೂಸಿ ಹೇಳು.