ಕಾರು ಮಾರಲಾಗದ ಕುಬಿಹಾಳದವನ ಅರಿಕೆ

ಖಾಸಗಿ ಕಾರುಗಳ ಹಾವಳಿಯಿಂದ ನಾಡನ್ನು ಪಾರು ಮಾಡಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯ ಮುಂದೆ ಕಾರು ನಿಂತಿದೆ ಎಂಬ ಅಪರಾಧಕ್ಕೆ ನಮ್ಮ ಬಿಪಿಎಲ್ ಕಾರ್ಡು ರದ್ದಾಗಲಿದೆ ಎಂದು ನೋಟಿಸು ಕಳಿಸಿದ್ದೀರಿ. ತಿಂಗಳೊಳಗೆ ಕಾರು ಮಾರಿದರೆ ಕಾರ್ಡು ಉಳಿಯುತ್ತದಂತೆ. ಜೊತೆಗೆ ಒಂದು ಬುದ್ಧಿಮಾತು: ‘ಸಾರ್ವಜನಿಕ ಸಾರಿಗೆ ಬಳಸಿ, ಪರಿಸರ ಉಳಿಸಿ.’ ಪರಿಸರ ಉಳಿಯುವುದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆಗೆ ನನ್ನ ಹೆಂಡತಿಯೂ ಉಳಿಯಲು ತಮ್ಮ ನೀತಿಯಲ್ಲಿ ಅವಕಾಶವಿದೆಯೇ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಹೆಂಡತಿ ದಾನೇಶ್ವರಿಯ ಎರಡೂ ಕಿಡ್ನಿ ಕೆಟ್ಟಿವೆ. ಮಂಗಳವಾರ ಮತ್ತು ಶುಕ್ರವಾರ ಹುಬ್ಬಳ್ಳಿಯಲ್ಲಿ ಅವಳಿಗೆ ಡಯಾಲಿಸಿಸ್ ಆಗಲೇಬೇಕು. ಅವಳ ಸರದಿ ಬೆಳಗಿನ ಏಳಕ್ಕೆ. ನಮ್ಮೂರ ಮೊದಲ ಬಸ್ಸು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಅದಕ್ಕೇ ನನ್ನ ತಮ್ಮ ಹೇಮಂತ ತನಗೆ ಬೇಡವಾದ ಹಳೇ ವ್ಯಾನೊಂದನ್ನು ನನಗೆ ಬಿಟ್ಟುಕೊಟ್ಟ. ತಾವು ನೋಟಿಸಿನಲ್ಲಿ ಹೇಳಿರುವ ಐಷಾರಾಮಿ ಕಾರು ಅದೇ. ಬಿಪಿಎಲ್ ಕಾರ್ಡು ಇರುವುದರಿಂದ ಚಿಕಿತ್ಸೆ ಪುಕ್ಕಟೆ. ಕಾರು ಇರುವುದರಿಂದ ಚಿಕಿತ್ಸೆಯ ಬಾಗಿಲ ತನಕ ಹೋಗುತ್ತೇವೆ. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತೀರಿ. ‘ಅತ್ತ ದರಿ ಇತ್ತ ಪುಲಿ’ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ತಮ್ಮ ಕೃಪೆಯಿಂದ.

ಆದರೂ ನಾನು ಸರ್ಕಾರದ ಮಾತು ಮೀರುವವನಲ್ಲ. ಮೊದಲು ಕಾರು ಮಾರಲು ಹೊರಟೆ. ಹುಬ್ಬಳ್ಳಿಯಿಂದ ಹಳೇ ಗಾಡಿ ಕೊಳ್ಳುವ ನಿಯಾಜ್ ಬಂದ. ನಮ್ಮ ಕಡೆ ಯಾರಾದರೂ ಎತ್ತು ಕೊಳ್ಳಲು ಬಂದರೆ ನೆರೆಯವರು ಹಲ್ಲು, ಗೊರಸು ಹೊಗಳಿ ವ್ಯಾಪಾರಕ್ಕೆ ಕೈ ಹಚ್ಚುವುದು ರೂಢಿ. ಅಂದು ಓಣಿಗೆ ಓಣಿಯೇ ತಿರುಗಿ ಬಿತ್ತು. ಎದುರು ಮನೆಯ ದುರಗವ್ವ ಕಟ್ಟೆಯಿಂದಲೇ ಶುರು ಮಾಡಿದಳು: “ಈ ಗಾಡಿ ತಗೊಳ್ಳಾಕ ಬಂದೀರೇನ್ರಿ? ಏರು ಬಂತಂದ್ರ ಇಳದು ದಬ್ಬಬೇಕು ನೋಡ್ರಿ!” ಬಾಜು ಮನೆಯ ಮಾಬುಸಾಬ ಸುಮ್ಮನಿದ್ದಾನೆಯೇ? “ಅದರ ಹೊಗಿ ಮುಂದ ನಮ್ಮ ಮೆಣಸಿನಕಾಯಿ ಘಾಟೂ ಏನಿಲ್ರಿ” ಎಂದ. ನಿಯಾಜ್ ಕೈ ಮುಗಿದ. “ಕುಬೇರಪ್ಪಣ್ಣ, ಗಾಡಿ ಹ್ಯಾಂಗರ ಇರ್ಲಿ, ಇಡೀ ಓಣಿ ಜೋಡಿ ಜಗಳ ಯಾರ ಕಟ್ಟಿಕೊಳ್ಳಬೇಕ್ರಿ?” ಎಂದು ಹೊರಟೇ ಹೋದ.

ನನಗೆ ಸಿಟ್ಟು ನೆತ್ತಿಗೇರಿತು. “ದುರಗವ್ವ, ನನ್ನ ಮನಿ ಮುರಿಯಾಕ ನಿಂತೀಯೇನಬೇ?” ಎಂದೆ.

“ಮುರಿಯಾಕಲ್ಲೋ ಯಪ್ಪಾ. ಮಾರಿದ ಮ್ಯಾಲ ಹೆಂಡ್ತಿನ್ನ ಹ್ಯಾಂಗ ಒಯ್ತಿ?”

“ಬಸ್ಸಿನಾಗ.”

“ಹಂಗಾರ ಮೊದಲ ಒಯ್ದು ತೋರ್ಸು. ಆಮ್ಯಾಲ ಮಾರು.”

ದಾನೇಶ್ವರಿಯೂ “ಸರ್ಕಾರದವರು ಹೇಳ್ಯಾರಂದ್ರ ಒಮ್ಮಿ ನೋಡೂಣು ತಗೋರಿ” ಎಂದಳು. ಆ ಶುಕ್ರವಾರ ಬಸ್ಸಿಗೆ ಹೋದೆವು. ಕಾಲಿಡಲು ಜಾಗವಿರಲಿಲ್ಲ. ಆಸ್ಪತ್ರೆ ಮುಟ್ಟಿದಾಗ ಅವಳ ಸರದಿಯನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು. “ಅವರೂ ಪೇಶಂಟ ಅದಾರಲ್ರಿ ಅಣ್ಣಾರ” ಎಂದರು ನರ್ಸಮ್ಮ. ಅವರ ಮಾತಿನಲ್ಲಿ ತಪ್ಪೇನಿದೆ? ತಿರುಗಿ ಬಂದೆವು. ಭಾನುವಾರಕ್ಕೆ ಅವಳ ಮುಖ, ಕಾಲು ಬಾತವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿ ಕುಳಿತೇ ಇದ್ದಳು. ನನಗೆ ಹೆದರಿಕೆಯಾಯಿತು, ಅಧಿಕಾರಿಗಳೇ. ಗಂಡಸು ಹೀಗೆ ಬರೆಯಬಾರದು ಎನ್ನುತ್ತಾರೆ, ಆದರೆ ಹೆದರಿಕೆಯಾಯಿತು. ಮಂಗಳವಾರ ಕೋಳಿ ಕೂಗುವ ಮೊದಲೇ ಅದೇ ವ್ಯಾನಿನಲ್ಲಿ ಒಯ್ದು ಉಳಿಸಿಕೊಂಡೆ.

ಒಬ್ಬೊಬ್ಬರೇ ಕುಳಿತು ಹೋಗುವ ಕಾರುಗಳು ನಗರದ ರಸ್ತೆಯನ್ನು ನುಂಗುತ್ತಿವೆ, ಒಪ್ಪುತ್ತೇನೆ. ನಮ್ಮ ವ್ಯಾನಿನಲ್ಲಿ ಒಬ್ಬರೇ ಹೋದ ದಿನ ಯಾವುದೆಂದು ತಮ್ಮ ಜಾಣರು ಪತ್ತೆ ಹಚ್ಚಬಲ್ಲರೇ? ದುರಗವ್ವನ ಮೆಣಸಿನಕಾಯಿ ಗಂಟು, ಮಾಬುಸಾಬನ ಮಗಳ ಕಾಲೇಜು, ಯಾರದೋ ಹೆರಿಗೆ ನೋವು, ಎಲ್ಲವೂ ದಾನೇಶ್ವರಿಯ ಜೊತೆಗೇ ಹೋಗುತ್ತವೆ. ಇದು ಖಾಸಗಿ ಎನ್ನುವುದಾದರೆ ನಮ್ಮೂರ ಕೆರೆಯೂ ಖಾಸಗಿಯೇ. ಬಸ್ಸು ಕೊಡದೆ ಕಾರು ಬಿಡು ಎನ್ನುವುದು ಯಾವ ನ್ಯಾಯ? ಮಳೆ ಬಿದ್ದು ಎರೆಮಣ್ಣು ರಸ್ತೆಗೆ ಬಂದ ದಿನ ಆ ಮೊದಲ ಬಸ್ಸೂ ಊರ ಹೊರಗಿನಿಂದಲೇ ತಿರುಗಿಕೊಳ್ಳುತ್ತದೆ, ಇದು ತಮಗೆ ಗೊತ್ತಿದೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ಏಳರೊಳಗೆ ಹುಬ್ಬಳ್ಳಿ ಮುಟ್ಟುವ ಒಂದು ಬಸ್ಸನ್ನು ಕುಬಿಹಾಳದಿಂದ ಬಿಡಿ. ಅಂದೇ ಕಾರಿನ ಕೀಲಿಯನ್ನು ತಮ್ಮ ಮೇಜಿನ ಮೇಲೆ ತಂದಿಡುತ್ತೇನೆ. ಅಲ್ಲಿಯವರೆಗೆ ನಮ್ಮ ಕಾರ್ಡಿಗೆ ಕೈ ಹಚ್ಚಬೇಡಿ.

ಸ್ಥಳ ಪರಿಶೀಲನೆಗೆ ಬರುತ್ತೇವೆ ಎಂದಿದ್ದೀರಿ. ಬನ್ನಿ, ಚಹಾ ಕುಡಿದು ಹೋಗಿ. ಮಂಗಳವಾರ, ಶುಕ್ರವಾರ ಮಾತ್ರ ಕಾರು ಮನೆಯ ಮುಂದೆ ಇರುವುದಿಲ್ಲ. ಆ ದಿನವೂ ಅದು ಅಲ್ಲೇ ನಿಂತಿದ್ದು ಕಂಡರೆ ಒಳಗೆ ಬರಬೇಡಿ, ಏನನ್ನೂ ಕೇಳಬೇಡಿ. ಆಮೇಲೆ ನಮಗೆ ಕಾರೂ ಬೇಕಾಗುವುದಿಲ್ಲ, ಕಾರ್ಡೂ ಬೇಕಾಗುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಕಾರಿನ ಧಣಿ,
ಓಣಿಯಲ್ಲಿ ಹೆಸರಿಗಷ್ಟೇ ಕುಬೇರಪ್ಪ
ಕುಬಿಹಾಳ