ಶೈಲಕ್ಕನ ಶಾಲು, ನನ್ನ ವಾಷಿಂಗ್ ಮಷೀನು

ಶೈಲಕ್ಕಾ,

‘ಪ್ರೀತಿಯ’ ಎಂದು ಶುರು ಮಾಡಬೇಕಿತ್ತು, ಕೈ ಓಡಲಿಲ್ಲ. ನಿನ್ನನ್ನು ನಾನು ನೋಡಿಯೇ ಇಲ್ಲ. ನೀನು ತೀರಿಕೊಂಡ ಮೇಲೆ ನಿನ್ನ ಗಂಡನ ಕೈ ಹಿಡಿದು ಲಂಡನ್ನಿಗೆ ಬಂದವಳು ನಾನು, ಧಾರವಾಡದ ಗಿರಿಜಾ. ಸವತಿ ಅನ್ನಬಾರದು, ಅಕ್ಕ ಅನ್ನಬೇಕು ಎಂದು ನಮ್ಮವ್ವ ಮದುವೆಯ ದಿನವೇ ಹೇಳಿ ಕಳಿಸಿದ್ದಾಳೆ. ಅದಕ್ಕೇ ಅಕ್ಕ. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಈ ದೋಣಿಗೆ ನಾನು ಕಾಲಿಟ್ಟ ದಿನ ಚೆನ್ನಾಗಿ ನೆನಪಿದೆ. ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನಿಂದ ಸೂಟ್‌ಕೇಸ್ ಎಳೆದುಕೊಂಡು ಕಾಲುವೆಯ ದಂಡೆಗೆ ಬಂದೆವು. ದೋಣಿಯಲ್ಲೇ ಸಂಸಾರ ಎಂದು ಇವರು ಫೋನಿನಲ್ಲಿ ಹೇಳಿದ್ದರು, ಆದರೆ ಇಷ್ಟು ಕಿರಿದು ಎಂದು ಯಾರಿಗೆ ಗೊತ್ತಿತ್ತು? ಉದ್ದಕ್ಕೆ ರೈಲು ಡಬ್ಬಿ ಇದ್ದ ಹಾಗಿದೆ, ಒಳಗೆ ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು. ಹೊರಗೆ ಹಸಿರು ಬಣ್ಣದ ಮೇಲೆ ದೊಡ್ಡ ಅಕ್ಷರದಲ್ಲಿ ನಿನ್ನ ಹೆಸರು! ಈ ಕಾಲುವೆಯ ಜನ ಒಬ್ಬರನ್ನೊಬ್ಬರು ದೋಣಿಯ ಹೆಸರಿನಿಂದಲೇ ಕರೆಯುತ್ತಾರೆ. ಪಕ್ಕದ ದೋಣಿಯ ಜೋನ್ ಅಜ್ಜಿ ಈಗಲೂ ನನಗೆ “ಮಾರ್ನಿಂಗ್, ಶೈಲಾ” ಎನ್ನುತ್ತಾಳೆ. ನನ್ನ ಹೆಸರು ಗಿರಿಜಾ ಎಂದು ಎಷ್ಟು ಸಲ ಹೇಳಲಿ? ಈಗೀಗ ನಾನೂ “ಮಾರ್ನಿಂಗ್” ಅಂದು ಒಳಗೆ ಬಂದು ಪಾತ್ರೆ ಕುಕ್ಕುತ್ತೇನೆ.

ಮೊದಲ ಚಳಿಗಾಲ ನೆನೆಸಿಕೊಂಡರೆ ಈಗಲೂ ಬೆರಳು ಸೆಟೆಯುತ್ತದೆ. ನನ್ನ ಕೆಲಸ ಪುಟ್ಟ ಮಕ್ಕಳ ನರ್ಸರಿಯಲ್ಲಿ, ದಿನಾ ಸಂಜೆ ಮೈಮೇಲೆ ಬಣ್ಣ, ಗೊಣ್ಣೆ, ಬಾಳೆಹಣ್ಣು. ಆ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ, ಕೆಸರಿನಲ್ಲಿ ಜಾರುತ್ತಾ, ಹೈ ಸ್ಟ್ರೀಟಿನ ಲಾಂಡ್ರಿಗೆ ಎಳೆದುಕೊಂಡು ಹೋಗಬೇಕು. ಅಲ್ಲಿ ಯಾರದ್ದೋ ಕಾಲುಚೀಲ ತಿರುಗುವುದನ್ನು ನೋಡುತ್ತಾ ಕೂರಬೇಕು. ಒಂದು ವಾಷಿಂಗ್ ಮಷೀನ್ ತರೋಣ್ರಿ ಎಂದರೆ ಇವರು ಏನಂದರು ಗೊತ್ತಾ? “ಶೈಲಾ ಬಕೆಟ್‌ನಲ್ಲೇ ಒಗೀತಿದ್ಳಪ್ಪ. ಒಂದಿನಾನೂ ಗೊಣಗಲಿಲ್ಲ.” ಯಾಕಕ್ಕಾ ಗೊಣಗಲಿಲ್ಲ? ಒಂದೇ ಒಂದು ಸಲ ಗೊಣಗಿದ್ದರೆ ನನಗೆ ಎಷ್ಟು ಉಪಕಾರ ಆಗುತ್ತಿತ್ತು!

ನೀನು ಗೊಣಗಲಿಲ್ಲ, ಜಾಸ್ತಿ ಉಪ್ಪು ಹಾಕುತ್ತಿರಲಿಲ್ಲ, ತಲೆಗೆ ಎಣ್ಣೆ ಮುಟ್ಟಿಸುತ್ತಿರಲಿಲ್ಲ. ಈ ಎಣ್ಣೆಯದು ಬೇರೆಯೇ ಕಥೆ. ನಮ್ಮವ್ವ ಲಾವಂಚದ ಬೇರು, ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಊರಿಂದ ಬರುವವರ ಕೈಲಿ ಕಳಿಸುತ್ತಾಳೆ. ಅದಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಇವರು ದಿಂಬು ಮೂಸಿ, “ಏನ್ ಗಿರಿಜಾ ಇದು, ಗ್ರಂಥಿಗೆ ಅಂಗಡಿ ವಾಸನೆ?” ಎಂದು ಮುಖ ಕಿವಿಚಿದ್ದರು. ಅವತ್ತೇ ನಾನು ಬಾಟಲಿಯನ್ನು ಹಾಸಿಗೆಯ ಪಕ್ಕದಿಂದ ತೆಗೆದು ಬಚ್ಚಲಿನ ಪಕ್ಕದ ಕಪಾಟಿನಲ್ಲಿ, ಮೇಲಿನ ಹಲಗೆಯ ಮೇಲೆ ಇಟ್ಟೆ.

ಈ ವರ್ಷ ಮಷೀನ್ ಬೇಕೇ ಬೇಕು ಎಂದು ಹಟ ಹಿಡಿದು ಕೂತೆ. ಊಟ ಆದ ಮೇಲೆ ಲ್ಯಾಪ್‌ಟಾಪ್ ಮುಂದೆ ಇಬ್ಬರೂ, ನನ್ನ ಕೈಯಲ್ಲಿ ಅಳತೆಯ ಟೇಪು. ಇವರು ಒಂದೊಂದಕ್ಕೂ ಒಂದೊಂದು ತಕರಾರು ತೆಗೆದರು.

“ಇದು ಬಾಗಿಲಲ್ಲಿ ತೂರಲ್ಲ.”

“ಇದು ತೆಳ್ಳಂದು ಐತ್ರಿ, ತೂರತೈತಿ.”

“ಟ್ಯಾಂಕ್ ನೀರೆಲ್ಲಾ ಖಾಲಿ ಮಾಡುತ್ತೆ.”

“ನೀರು ತುಂಬಿಸೋ ದಿನಾನ ಒಗದರಾತು.”

“ನೀರು ಕಾಯಿಸೋಕೆ ಬ್ಯಾಟರಿ ಸಾಲಲ್ಲ.”

“ತಣ್ಣೀರಾಗ ಒಗೀತೀನ್ರಿ. ಎಂಜಿನ್ ಓಡೋ ಹೊತ್ತಿನಾಗ ಹಾಕ್ತೀನಿ.”

“ಭಾರ ಒಂದೇ ಕಡೆ ಆದ್ರೆ ದೋಣಿ ವಾಲುತ್ತೆ, ಗಿರಿಜಾ.”

ಅದಕ್ಕೂ ದಾರಿ ಹುಡುಕಿದೆ. ಸೌದೆ ಒಲೆ ಎಡಕ್ಕಿದೆ, ಕಬ್ಬಿಣದ್ದು. ಮಷೀನ್ ಬಲಕ್ಕೆ ಬಂದರೆ ಸಮ ಆಗುತ್ತದೆ. ಬಲಕ್ಕೆ ನೀರಿನ ಪೈಪು ಹತ್ತಿರ ಇರುವುದು ಒಂದೇ ಜಾಗ, ಬಚ್ಚಲಿನ ಪಕ್ಕದ ಆ ಕಪಾಟು. ಅದನ್ನು ಕಿತ್ತರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂರುತ್ತದೆ ಎಂದೆ. ಇವರು ಲ್ಯಾಪ್‌ಟಾಪ್ ಮುಚ್ಚಿದರು. “ಅಲ್ಲಿ ಬೇಡ.” ಯಾಕ್ರೀ ಎಂದೆ. “ಬೇಡ ಅಂದ್ನಲ್ಲ” ಎಂದು ಎದ್ದು ಹೋದರು.

ಕಾರಣ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ. ನಾನು ಬಚ್ಚಲಲ್ಲಿ ಇದ್ದೇನೆ ಎಂದುಕೊಂಡು ಇವರು ಕಪಾಟು ತೆರೆದಿದ್ದರು. ನನ್ನ ಎಣ್ಣೆ ಇರುವ ಹಲಗೆಯ ಕೆಳಗೆ ಒಂದು ಬಟ್ಟೆಯ ಚೀಲ ಇತ್ತು, ಏನೋ ಹಳೆಯದು ಎಂದು ನಾನು ಮುಟ್ಟಿರಲಿಲ್ಲ. ಅದರಿಂದ ನಿನ್ನ ಕಂದು ಬಣ್ಣದ ಶಾಲು ತೆಗೆದು, ಅದರಲ್ಲಿ ಮುಖ ಇಟ್ಟು ನಿಂತಿದ್ದರು. ನನ್ನನ್ನು ಕಂಡು ಸಣ್ಣ ದನಿಯಲ್ಲಿ, “ಕಡೇ ಸಲ ಹೊದ್ದಿದ್ದು. ಒಗೆದಿಲ್ಲ. ಅವಳ ವಾಸನೆ ಇನ್ನೂ ಇದೆ” ಅಂದರು.

ನೋಡಕ್ಕಾ, ನಾಲ್ಕು ಬಟ್ಟೆ ಒಗೆಯಲಿಕ್ಕೆ ನಾನು ಇಷ್ಟು ಬಡಿದಾಡುತ್ತಿದ್ದೇನೆ, ನಿನ್ನದು ಒಗೆಯದೆ ಬಿಟ್ಟಿದ್ದಕ್ಕೇ ಪೂಜೆ. ನಾನು ಸತ್ತರೆ ನನ್ನ ಯಾವ ಬಟ್ಟೆಯನ್ನು ಇವರು ಹೀಗೆ… ಬೇಡ, ಆ ಮಾತು ಬೇಡ. ಎರಡು ದಿನ ಮಾತು ಬಿಟ್ಟೆ. ಆಮೇಲೆ ನಾನೇ ಸೋತು, “ಶಾಲಿಗೆ ನನ್ನ ಸೀರಿ ಡ್ರಾಯರ್ ಕೊಡ್ತೀನ್ರಿ, ಮಷೀನಿಗೆ ಕಪಾಟು ಕೊಡ್ರಿ” ಎಂದೆ. ಇವರು ಹೂಂ ಎಂದು ತಲೆಯಾಡಿಸಿದರು.

ನಿನ್ನೆ ಮಷೀನ್ ಬಂತು. ಅವ್ವನಿಗೆ ಫೋನ್ ಮಾಡಿದೆ. ಅವಳದು ಅದೇ ಮಾತು, “ಮುತ್ತೈದಿಯಾಗಿ ಹೋದಾಕಿ ಅಕಿ. ಹೊಸಾದು ಏನ ಬಂದ್ರೂ ಮೊದಲ ಅಕೀದು, ಆಮ್ಯಾಲ ನಿಂದು. ಸೀರಿಗೂ ಅಷ್ಟ, ಮಷೀನಿಗೂ ಅಷ್ಟ.” ಪ್ರತಿ ಹೊಸ ಸೀರೆಯನ್ನೂ ನಿನ್ನ ಫೋಟೊ ಮುಂದೆ ಇಟ್ಟೇ ಉಟ್ಟಿದ್ದೇನೆ, ಇಲ್ಲ ಅನ್ನಬೇಡ. ಆದರೆ ಮಷೀನನ್ನು ನಿನ್ನ ಮುಂದೆ ಹೊತ್ತು ತರಲಿಕ್ಕೆ ಆಗುತ್ತದೆಯೇ? ನಿನ್ನ ಫೋಟೊವನ್ನೇ ತಂದು ಅದರ ಮೇಲೆ ಕೂರಿಸಿ ಕುಂಕುಮ ಹಚ್ಚಿದೆ. ಜೋನ್ ಅಜ್ಜಿ ಕಿಟಕಿಯಿಂದ ಇಣುಕಿ, ಬರ್ತ್‌ಡೇನಾ ಎಂದು ಕೇಳಿದಳು.

ಮೊದಲ ಒಗೆತವೂ ನಿನ್ನದೇ ಆಗಬೇಕಲ್ಲ? ಅವ್ವನ ಮಾತು ನನ್ನ ಕೈಗೆ ಒಳ್ಳೆಯ ನೆಪ ಕೊಟ್ಟಿತ್ತು. ಇವರು ಹೊರಗೆ ಪೈಪು ಹಿಡಿದು ಟ್ಯಾಂಕಿಗೆ ನೀರು ಬಿಡುತ್ತಿದ್ದರು. ಕಪಾಟು ಕಿತ್ತಾಗ ಹಾಸಿಗೆಯ ಮೇಲೆ ಇಟ್ಟಿದ್ದ ಚೀಲದಿಂದ ನಾನು ಶಾಲು ತೆಗೆದೆ. ಹೌದು, ಒಗೆದೇ ಬಿಡೋಣ ಎಂದೇ ತೆಗೆದೆ. ಕೇಳಿದರೆ ಅವ್ವ ಹೇಳಿದ್ದಳು ಎಂದರಾಯಿತು. ಮಷೀನಿನ ಬಾಗಿಲು ತೆರೆದು, ಒಳಗೆ ತುರುಕುವ ಮುಂಚೆ, ಅಂಥದ್ದೇನಿದೆ ನಿನ್ನ ವಾಸನೆಯಲ್ಲಿ ನೋಡೇಬಿಡೋಣ ಎಂದು ಮೂಗಿಗೆ ಹಿಡಿದೆ.

ಲಾವಂಚ, ಅಕ್ಕಾ. ಲಾವಂಚ, ಮೆಂತ್ಯ, ಕೊಬ್ಬರಿ ಎಣ್ಣೆ.

ಮತ್ತೆ ಮೂಸಿದೆ, ಬಿಡಿಸಿ ನೋಡಿದೆ. ಒಂದು ಅಂಚಿನಲ್ಲಿ ಅಂಗೈಯಗಲ ಎಣ್ಣೆಯ ಕಲೆ. ಕಪಾಟಿನಲ್ಲಿದ್ದ ನನ್ನ ಬಾಟಲಿಯ ತಳ ಸಣ್ಣಗೆ ಸೀಳು ಬಿಟ್ಟಿದೆ, ಎಣ್ಣೆ ಹಲಗೆಯ ಸಂದಿಯಿಂದ ಯಾವಾಗಿನಿಂದಲೋ ಹನಿಹನಿಯಾಗಿ ಇಳಿದಿದೆ. ಬೇರೆ ಯಾವ ವಾಸನೆಯೂ ಅದರಲ್ಲಿ ಉಳಿದಿಲ್ಲ. ಇವರು ಇಷ್ಟು ದಿನ ನಿನ್ನದೆಂದು ಎಳೆದುಕೊಂಡಿದ್ದು ನನ್ನ ತಲೆಯ ವಾಸನೆ. ಅಷ್ಟೂ ಗೊತ್ತಾಗಲಿಲ್ಲವೇ ಈ ಮನುಷ್ಯನಿಗೆ? ಅಥವಾ ಗೊತ್ತಿದ್ದೂ… ನಗು ಬಂತು, ಹಿಂದೆಯೇ ಅಳುವೂ ಬಂತು. ಗೆದ್ದೆ ಅನ್ನಲೇ? ನನ್ನ ವಾಸನೆಯೂ ನಿನ್ನ ಹೆಸರಿಗೇ ಹೋಯಿತಲ್ಲ!

ಶಾಲನ್ನು ಒಗೆಯಲಿಲ್ಲ. ಮಡಚಿ ನನ್ನ ಸೀರೆಗಳ ಡ್ರಾಯರಿನಲ್ಲಿ ಇಟ್ಟೆ. ಮಷೀನಿಗೆ ನನ್ನ ನರ್ಸರಿ ಬಟ್ಟೆ ಹಾಕಿದೆ. ಅವ್ವನ ಮಾತು ಮೀರಿದೆ, ನೀನು ಬೇಕಾದರೆ ಕೋಪ ಮಾಡಿಕೋ. ದೋಣಿ ವಾಲಲಿಲ್ಲ, ಅದನ್ನೂ ಹೇಳಬೇಕು.

ಇವತ್ತು ಬೆಳಿಗ್ಗೆ ಇವರು ಕೆಲಸಕ್ಕೆ ಹೊರಡುವ ಮುಂಚೆ ಆ ಡ್ರಾಯರ್ ಎಳೆದರು. ಶಾಲಿನಲ್ಲಿ ಮುಖ ಇಟ್ಟು, “ಇದೆ ಗಿರಿಜಾ, ಇನ್ನೂ ಹಾಗೇ ಇದೆ” ಅಂದರು. ನಾನು ಒಲೆಯ ಮುಂದೆ ಇದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆಗಷ್ಟೇ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡಿದ್ದೆ.

“ಹೂನ್ರಿ” ಅಂದೆ.

ನಾನು ಬಾಯಿ ಬಿಡುವುದಿಲ್ಲ ಅಕ್ಕಾ. ಎಣ್ಣೆ ಹಚ್ಚುವುದನ್ನೂ ಬಿಡುವುದಿಲ್ಲ.

ನಿನ್ನ ತಂಗಿ,
ಗಿರಿಜಾ