ಮೇಲಿನ ಸಾ

ಬೊರಿವಲಿ
ನವೆಂಬರ್ 12, 2025, ಬುಧವಾರ

ಪ್ರೀತಿಯ ಅಕ್ಕಾ,

ನಿನ್ನ ಶುಭಿಯ ನಮಸ್ಕಾರ. ಮೊಬೈಲಿನ ಕಾಲದಲ್ಲಿ ಇವಳಿಗೇನು ಪತ್ರದ ಹುಚ್ಚು ಎಂದು ನೀನು ಧಾರವಾಡದಲ್ಲಿ ಕೂತು ನಗುತ್ತಿರಬೇಕು. ನಗು. ನಾಳೆ ಊರಿಗೆ ಹೊರಟಿರುವ ಗುರಲಿಂಗಪ್ಪ ಮಾಮಾನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಸಾಂತಾಕ್ರೂಜ್ ಕಛೇರಿಯ ರೆಕಾರ್ಡಿಂಗ್ ಕೇಳಿ ಹೊಗಳಿದ್ದೆಯಲ್ಲ? ಯಮನ್ ರಾಗದಲ್ಲಿ ಅಷ್ಟು ಹೊತ್ತು ನಿಷಾದದ ಮೇಲೆ ನಿಂತು, ಮೇಲಿನ ಸಾ ಈಗ ಬಂತು, ಈಗ ಬಂತು ಎನ್ನುವಾಗ ಇಳಿದುಬಿಡುತ್ತೀ, ಇದನ್ನು ಯಾರು ಕಲಿಸಿದರು ಎಂದು ನೀನು ಕೇಳಿದ್ದೆ. ಇಲ್ಲಿಯೂ ಎಲ್ಲರದು ಅದೇ ಮಾತು. ಬಾಂದ್ರಾದ ಒಬ್ಬ ವಿಮರ್ಶಕರಂತೂ ಸಂಯಮದ ಹೊಸ ದಾರಿ ಎಂದು ಬರೆದರು. ನಾನೂ ದೊಡ್ಡ ವಿದುಷಿಯ ಹಾಗೆ ತಲೆಯಾಡಿಸಿದೆ.

ಅಕ್ಕಾ, ನನಗೆ ಆ ಸಾ ಹತ್ತುತ್ತಿಲ್ಲ. ಅಷ್ಟೇ. ಮಳೆಗಾಲದಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ. ಗಂಟಲು ಒಲ್ಲೆ ಎಂದಲ್ಲಿ ಕೆಳಗೆ ಪಂಚಮಕ್ಕೆ ತಿರುಗಿದೆ. ಉಸಿರು ಮುಗಿದಲ್ಲಿ, ಬೇಕೆಂದೇ ನಿಲ್ಲಿಸಿದವಳ ಹಾಗೆ ಕಣ್ಣು ಮುಚ್ಚಿದೆ. ಒಪ್ಪುತ್ತೇನೆ, ಅದರಲ್ಲಿ ಸುಖವೂ ಇತ್ತು. ಇಷ್ಟು ವರ್ಷ ಹಾಡಿದರೂ ಕಾಣದ ತಿರುವುಗಳು ಕಂಡವು. ಹೊಸದು ಧೈರ್ಯವಿದ್ದವರಿಗೇ ಹೊಳೆಯುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ಹೊಳೆದದ್ದು ಬರೀ ಹೆದರಿಕೆಯಿಂದ. ಮುಂದಿನ ಸ್ವರ ಯಾವುದೆಂದು ಗೊತ್ತಿಲ್ಲದೆ ಆಲಾಪ ಮಾಡುವುದೇ ಚಂದ ಎನ್ನುತ್ತಿದ್ದೆವು. ಈಗ ಮುಂದಿನ ಸ್ವರ ಬರುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಕೇಳುವವರು ವಾಹ್ ವಾಹ್ ಎನ್ನುತ್ತಾರೆ.

ಗಂಟಲೊಳಗೊಂದು ಗಂಟು ಇದೆಯಂತೆ. ಕೂಡಲೇ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಿದ್ದಾರೆ ಡಾಕ್ಟರು. ನನ್ನ ಶಿಷ್ಯೆ ವೈಶಾಲಿಯ ಮೊದಲ ಕಛೇರಿ ಮುಗಿಯಲಿ ಎಂದು ಮುಂದೂಡಿದ್ದೇನೆ. ಬೈಯಬೇಡ. ಇಷ್ಟು ದಿನ ನನ್ನ ಹಿಂದೆ ಕೂತು ತಂಬೂರಿ ನುಡಿಸಿದ ಹುಡುಗಿ ಬರುವ ವಾರ ಮುಂದೆ ಕೂಡುತ್ತಾಳೆ.

ಆದರೆ ನಿನ್ನೆ ಅವಳ ತಾಲೀಮು ಕೇಳಿ ನನ್ನ ಮೈ ಜುಂ ಎಂದಿತು. ಗಟ್ಟಿ ಕಂಠದ ಹುಡುಗಿ, ಅಕ್ಕಾ! ನಿಷಾದದ ಮೇಲೆ ನಿಂತಳು. ಸರಿಯಾಗಿ ನಾನು ಉಸಿರು ಕಳೆದುಕೊಳ್ಳುವಲ್ಲಿಯೇ ಉಸಿರು ಬಿಟ್ಟಳು, ಸಣ್ಣಗೆ ಕೆಮ್ಮಿದಳು, ಇಳಿದಳು. ಯಾಕವಾ, ಮೇಲೆ ಹೋಗು ಎಂದೆ. "ಗುರುಮಾ, ನಾವು ಮೇಲಿನ ಸಾ ಹಚ್ಚೂದಿಲ್ಲಲ್ಲ? ವೋ ತೋ ಅಪ್ನಾ ಸ್ಟೈಲ್, ನಮ್ಮದೇ ಸ್ಟೈಲ್ ಅದ" ಎಂದಳು. ಮನೆಯಲ್ಲಿ ದಿನಾ ಹಾಗೆಯೇ ರಿಯಾಜ್ ಮಾಡುತ್ತಾಳಂತೆ, ಕೆಮ್ಮನ್ನೂ ಸೇರಿಸಿ. ಈಗ ಮೇಲೆ ಹೋಗೆಂದರೂ ಅವಳ ಗಂಟಲು ಹೋಗುತ್ತಿಲ್ಲ. ಗುರು ಮಾಡಿದಂತೆ ಮಾಡು, ಯಾಕೆಂದು ಕೇಳಬೇಡ ಎಂದು ನಾವೂ ಹಾಗೆಯೇ ಕಲಿತವರಲ್ಲವೇ? ನನ್ನ ರೋಗವನ್ನು ಆ ಹುಡುಗಿ ಪಾಠ ಮಾಡಿಕೊಂಡಿದ್ದಾಳೆ. ನನ್ನ ಗಂಟಿಗಿಂತ ಅದೇ ನನಗೆ ಹೆಚ್ಚು ಭಯ.

ಇಂದು ಅವಳ ಮುಂದೆ ಒಮ್ಮೆ ಪೂರ್ತಿ ಹಾಡಿ ತೋರಿಸುತ್ತೇನೆ, ಎಲ್ಲ ಸರಿಹೋಗುತ್ತದೆ. ನೀನು ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಶುಭಾಂಗಿ

ತಾ.ಕ.: ಹಾಡಲು ಹೋದೆ ಅಕ್ಕಾ. ಗಾಳಿ ಬಂತು, ದನಿ ಬರಲಿಲ್ಲ. ಆಮೇಲೆ ಮಾತೂ ಬಂದಿಲ್ಲ. ಪತ್ರ ಕೈಗೆ ಸಿಕ್ಕ ಕೂಡಲೇ ಹೊರಟು ಬಾ, ಆ ಸಾ ಅವಳಿಗೆ ನೀನೇ ತೋರಿಸಬೇಕು. ನಾನು ಮೌನವ್ರತ ಹಿಡಿದಿದ್ದೇನೆ ಎಂದುಕೊಂಡು ವೈಶಾಲಿ ತಾನೂ ಆಗಿನಿಂದ ತುಟಿ ಬಿಚ್ಚದೆ ನನ್ನ ಎದುರಿಗೆ ಕೂತಿದ್ದಾಳೆ.